ಎಸ್‌ಯುವಿ ಹಿಂದೆ ಟ್ರೈಲರ್: ಚಕ್ರ, ಟಯರುಗಳ ಆಯ್ಕೆ ಹೇಗೆ?

ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ರಜಾ ದಿನಗಳು ಬಂತೆಂದರೆ ಹೆದ್ದಾರಿಗಳ ಮೇಲೆ ಒಂದು ನೋಟ ಸಾಮಾನ್ಯ. ಮುಂದೆ ಎಸ್‌ಯುವಿ, ಅದರ ಬೆನ್ನಿಗೆ ದೋಣಿ ಹೊತ್ತ ಅಥವಾ ಹಾಸಿಗೆ, ಒಲೆ, ಸ್ನಾನಗೃಹ ಸಮೇತವಾದ ಟ್ರೈಲರ್. ಉದ್ಯೋಗ ನಿಮಿತ್ತ ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಇಂಥ ಪ್ರವಾಸದ ಹವ್ಯಾಸ ಬೆಳೆಸಿಕೊಂಡವರು ಇದ್ದಾರೆ. ವಾಹನ ಕೊಳ್ಳುವಾಗ ಬಹುಪಾಲು ಮಂದಿ ವಿಚಾರಿಸುವುದು ಎಂಜಿನ್ ಎಷ್ಟು ಅಶ್ವಶಕ್ತಿಯದು, ಎಷ್ಟು ತೂಕ ಎಳೆದೀತು ಎಂಬುದನ್ನು. ಆದರೆ ಎಳೆಯುವುದು ಒಂದು ಮಾತು, ನೇರವಾಗಿ ಎಳೆಯುವುದು ಇನ್ನೊಂದು ಮಾತು. ಎಂಜಿನ್ನಿನ ಬಲವಾಗಲಿ, ಬ್ರೇಕಿನ ಬಲವಾಗಲಿ, ಸ್ಟಿಯರಿಂಗ್ ತಿರುವಾಗಲಿ ರಸ್ತೆಯನ್ನು ತಲುಪುವುದು ಟಯರುಗಳ ಮೂಲಕ. ಪ್ರತಿ ಟಯರು ನೆಲವನ್ನು ಮುಟ್ಟುವ ಜಾಗ ಹೆಚ್ಚು ಕಡಿಮೆ ಒಂದು ಅಂಗೈಯಷ್ಟು. ಟ್ರೈಲರ್ ಸ್ಥಿರವಾಗಿ ಹಿಂಬಾಲಿಸುತ್ತದೆಯೇ, ಓಲಾಡುತ್ತದೆಯೇ ಎಂಬುದು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ.

ಓಲಾಟ ಏಕೆ ಉಂಟಾಗುತ್ತದೆ?

ಟ್ರೈಲರ್ ಎಂಬುದು ಒಂದು ಕೀಲಿಗೆ ತೂಗುಹಾಕಿದ ಭಾರ. ಪಕ್ಕದಿಂದ ಬೀಸಿದ ಗಾಳಿ, ವೇಗವಾಗಿ ದಾಟಿಹೋದ ದೊಡ್ಡ ಲಾರಿ, ರಸ್ತೆಯ ಹಳ್ಳ ಅಥವಾ ಚಾಲಕ ಥಟ್ಟನೆ ತಿರುಗಿಸಿದ ಸ್ಟಿಯರಿಂಗ್, ಇವುಗಳಲ್ಲಿ ಯಾವುದಾದರೂ ಅದನ್ನು ಒಂದು ಬದಿಗೆ ತಳ್ಳಬಹುದು. ಆಗ ಟ್ರೈಲರಿನ ಟಯರುಗಳು ಅದನ್ನು ಮತ್ತೆ ನೇರಕ್ಕೆ ತರುತ್ತವೆ. ನೇರಕ್ಕೆ ಬಂದದ್ದು ತುಸು ಮುಂದೆ ಹೋಗಿ ಇನ್ನೊಂದು ಬದಿಗೆ ವಾಲುತ್ತದೆ. ಕಡಿಮೆ ವೇಗದಲ್ಲಿ ಈ ಓಲಾಟ ಎರಡು ಮೂರು ಸುತ್ತಿನಲ್ಲಿ ತಾನಾಗಿ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಶಕ್ತಿ ಕುಂದುತ್ತದೆ. ಒಂದು ಮಿತಿಯನ್ನು ದಾಟಿದರೆ ಓಲಾಟ ಪ್ರತಿ ಸುತ್ತಿಗೂ ಹಿಗ್ಗುತ್ತಾ ಹೋಗಿ, ಕಡೆಗೆ ಎಳೆಯುವ ವಾಹನವನ್ನೇ ಅಡ್ಡ ತಿರುಗಿಸಿಬಿಡುತ್ತದೆ.

ಈ ಮಿತಿ ಎಷ್ಟು ವೇಗಕ್ಕೆ ಬರುತ್ತದೆ ಎಂಬುದು ಟ್ರೈಲರಿನ ಉದ್ದ, ತೂಕ, ಹೊರೆ ಇಟ್ಟ ಬಗೆ ಮತ್ತು ಟಯರುಗಳ ಬಿಗಿ, ಈ ಎಲ್ಲವನ್ನೂ ಅವಲಂಬಿಸಿದೆ. ಮೊದಲ ಷರತ್ತು ಹೊರೆಯದು. ಎತ್ತಿನ ಗಾಡಿ ಹೂಡಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಗಾಡಿಯ ಹಿಂಭಾಗಕ್ಕೆ ಹೆಚ್ಚು ಭಾರ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತುಗಳ ಕತ್ತನ್ನು ಎಳೆಯುತ್ತದೆ. ಟ್ರೈಲರಿಗೂ ಮೂಕಿಯ ಭಾರ ಸಾಕಷ್ಟು ಇರಬೇಕು. ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮದಂತೆ ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು. ಹಿಂಭಾರದ ಟ್ರೈಲರನ್ನು ಎಂಥ ಉತ್ತಮ ಟಯರೂ ಕಾಪಾಡಲಾರದು.

ಎರಡನೆಯ ಷರತ್ತು ಟಯರುಗಳದು. ಅಡ್ಡಬಲ ಬಿದ್ದಾಗ ಟಯರಿನ ಪಕ್ಕೆ ಬಾಗುತ್ತದೆ. ಬಾಗಿದಷ್ಟೂ ಚಕ್ರ ನೋಡುವ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ವ್ಯತ್ಯಾಸ ಹೆಚ್ಚುತ್ತದೆ. ಎಸ್‌ಯುವಿಯ ಕೊಂಡಿ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇರುವುದರಿಂದ ಟ್ರೈಲರ್ ಕೊಟ್ಟ ಪ್ರತಿ ನೂಕನ್ನೂ ಮೊದಲು ಎದುರಿಸುವುದು ಹಿಂದಿನ ಎರಡು ಟಯರುಗಳು. ಅವು ಮೆತ್ತಗಾಗಿದ್ದರೆ ವಾಹನದ ಹಿಂಭಾಗವೇ ಟ್ರೈಲರಿನ ಜತೆ ಅಲುಗಾಡತೊಡಗುತ್ತದೆ. ಹೀಗಾಗಿ ಸ್ಥಿರತೆಯ ದೃಷ್ಟಿಯಿಂದ ಎಸ್‌ಯುವಿಯ ಹಿಂದಿನ ಟಯರುಗಳೇ ಅತ್ಯಂತ ಮುಖ್ಯ. ಎರಡೇ ಹೊಸ ಟಯರು ಕೊಳ್ಳುವ ಸಂದರ್ಭ ಬಂದರೆ ಅವನ್ನು ಹಿಂದಕ್ಕೆ ಹಾಕಿಸಬೇಕು ಎಂಬ ಸಾಮಾನ್ಯ ಸಲಹೆಗೆ ಟ್ರೈಲರ್ ಎಳೆಯುವವರ ಮಟ್ಟಿಗೆ ಇನ್ನಷ್ಟು ಅರ್ಥವಿದೆ.

ಹಿಂದಿನ ಚಕ್ರಗಳ ಮೇಲೆ ಬೀಳುವ ಹೊರೆ

ಒಂದು ಉದಾಹರಣೆಯನ್ನು ನೋಡಬಹುದು. ಟ್ರೈಲರಿನ ಒಟ್ಟು ತೂಕ 2,000 ಕೆಜಿ ಎಂದಿಟ್ಟುಕೊಳ್ಳೋಣ. ಅದರ ಶೇ 12, ಅಂದರೆ 240 ಕೆಜಿ ಕೊಂಡಿಯ ಮೇಲೆ ಬೀಳುತ್ತದೆ. ಎಸ್‌ಯುವಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.85 ಮೀಟರ್ ಅಂತರವಿದ್ದು, ಕೊಂಡಿ ಹಿಂದಿನ ಚಕ್ರದಿಂದ 1.2 ಮೀಟರ್ ಹಿಂದಿದ್ದರೆ, ಸನ್ನೆಗೋಲಿನ ತತ್ತ್ವದಂತೆ ಹಿಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ 240 ಕೆಜಿಯಲ್ಲ, ಸುಮಾರು 341 ಕೆಜಿ. ಹೆಚ್ಚುವರಿ 101 ಕೆಜಿ ಬಂದದ್ದು ಮುಂದಿನ ಆಕ್ಸಲಿನಿಂದ. ಅಂದರೆ ಸ್ಟಿಯರಿಂಗ್ ಮಾಡುವ ಚಕ್ರಗಳು ಅಷ್ಟು ಹಗುರಾಗುತ್ತವೆ.

ಕುಟುಂಬ, ಸಾಮಾನು ಸರಂಜಾಮು ಸೇರಿ ಹಿಂದಿನ ಆಕ್ಸಲ್ ಮೇಲೆ ಮೊದಲೇ 1,320 ಕೆಜಿ ಇದ್ದರೆ ಈಗ ಅದು 1,661 ಕೆಜಿ. ಒಂದು ಟಯರಿಗೆ ಸುಮಾರು 830 ಕೆಜಿ. ತಿರುವಿನಲ್ಲಿ ಹೊರಬದಿಯ ಟಯರಿಗೆ ಇದಕ್ಕಿಂತ ಹೆಚ್ಚು. ಈ ಅಂಕಿಯನ್ನು ವಾಹನ ತಯಾರಕರು ಹಿಂದಿನ ಆಕ್ಸಲಿಗೆ ನಿಗದಿಪಡಿಸಿದ ಗರಿಷ್ಠ ಭಾರದೊಂದಿಗೂ ಟಯರಿನ ಸಾಮರ್ಥ್ಯದೊಂದಿಗೂ ಹೋಲಿಸಬೇಕು. ಭಾರ ಹಂಚುವ ವಿಶೇಷ ಕೊಂಡಿಯನ್ನು ಬಳಸಿದರೆ ಸ್ವಲ್ಪ ಹೊರೆ ಮತ್ತೆ ಮುಂದಿನ ಚಕ್ರಗಳಿಗೂ ಟ್ರೈಲರಿನ ಚಕ್ರಗಳಿಗೂ ಹಂಚಿಹೋಗುತ್ತದೆ.

ಇಲ್ಲಿಯೇ ಇನ್ನೊಂದು ಲೆಕ್ಕವೂ ಹೊರಬೀಳುತ್ತದೆ. ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಪಟ್ಟಿಯಲ್ಲಿ ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಬರೆದಿರುತ್ತದೆ. ಅದು 600 ಕೆಜಿ ಎಂದಾದರೆ, ತಲಾ 70 ಕೆಜಿಯ ಐವರು ಕುಳಿತಾಗ 350 ಕೆಜಿ ಮುಗಿಯಿತು. ಕೊಂಡಿಯ ಭಾರ 240 ಕೆಜಿ ಸಹ ಇದೇ ಖಾತೆಗೆ ಸೇರುತ್ತದೆ. ಉಳಿದದ್ದು ಕೇವಲ 10 ಕೆಜಿ. ಜಾಹೀರಾತಿನಲ್ಲಿ ಮೂರು ಟನ್ ಎಳೆಯಬಲ್ಲದೆಂದು ಹೇಳಿಕೊಂಡ ವಾಹನ ಎರಡು ಟನ್ ಟ್ರೈಲರಿಗೇ ತುಂಬಿಹೋಗುವುದು ಹೀಗೆ.

ಟಯರಿನ ಪಕ್ಕೆಯ ಬರಹ

ಟಯರಿನ ಸಾಮರ್ಥ್ಯವೆಲ್ಲ ಅದರ ಪಕ್ಕೆಯ ಮೇಲೆಯೇ ಅಚ್ಚಾಗಿರುತ್ತದೆ. ಪಿ265/70ಆರ್17 113ಎಸ್ ಎಂಬ ಬರಹವನ್ನು ತೆಗೆದುಕೊಳ್ಳಬಹುದು. ಪಿ ಎಂದರೆ ಪ್ರಯಾಣಿಕ ವಾಹನದ ಟಯರು. 265 ಎಂಬುದು ಮಿಲಿಮೀಟರ್‌ಗಳಲ್ಲಿ ಅಗಲ. 70 ಎಂದರೆ ಪಕ್ಕೆಯ ಎತ್ತರ ಅಗಲದ ಶೇ 70ರಷ್ಟು. ಆರ್ ಎಂದರೆ ರೇಡಿಯಲ್ ರಚನೆ. 17 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 113 ಎಂಬುದು ಭಾರದ ಸೂಚ್ಯಂಕ, ಎಸ್ ಎಂಬುದು ವೇಗದ ಸಂಕೇತ.

ಭಾರದ ಸೂಚ್ಯಂಕ ನೇರವಾಗಿ ಕಿಲೋಗ್ರಾಮ್ ಅಲ್ಲ. ಸೂಚ್ಯಂಕ 100 ಎಂದರೆ 800 ಕೆಜಿ, 104 ಎಂದರೆ 900 ಕೆಜಿ, 110 ಎಂದರೆ 1,060 ಕೆಜಿ, 113 ಎಂದರೆ 1,150 ಕೆಜಿ, 120 ಎಂದರೆ 1,400 ಕೆಜಿ. ವೇಗದ ಸಂಕೇತದಲ್ಲಿ ಎಲ್ ಎಂದರೆ ಗಂಟೆಗೆ 120 ಕಿಮೀ, ಎನ್ 140, ಕ್ಯೂ 160, ಎಸ್ 180, ಟಿ 190, ಎಚ್ 210 ಕಿಮೀ.

ಇಷ್ಟನ್ನೇ ಓದಿ ನಿರ್ಧರಿಸುವಂತಿಲ್ಲ. ಪ್ರಯಾಣಿಕ ಕಾರಿಗೆಂದು ರೂಪಿಸಿದ ಪಿ ವರ್ಗದ ಟಯರನ್ನು ಎಸ್‌ಯುವಿ, ಲಘು ಟ್ರಕ್ ಅಥವಾ ಟ್ರೈಲರಿಗೆ ಹಾಕಿದಾಗ ಅದರ ಸಾಮರ್ಥ್ಯವನ್ನು 1.10ರಿಂದ ಭಾಗಿಸಬೇಕೆಂಬುದು ಅಮೆರಿಕದ ಸುರಕ್ಷತಾ ನಿಯಮ. ಅದರಂತೆ 113ರ ಟಯರು ಎಸ್‌ಯುವಿಯಲ್ಲಿ 1,045 ಕೆಜಿಗೆ ಇಳಿಯುತ್ತದೆ, 104ರದು 818 ಕೆಜಿಗೆ ಇಳಿಯುತ್ತದೆ. ಮೇಲಿನ ಉದಾಹರಣೆಯ ವಾಹನಕ್ಕೆ ಮೊದಲನೆಯದು ಸಾಕು. ಎರಡನೆಯದು ಮೇಲ್ನೋಟಕ್ಕೆ 900 ಕೆಜಿಯದಾದರೂ 830 ಕೆಜಿಯ ಹೊರೆಗೆ ಸಾಲದು. ಸಾಲದೆಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ, ಬೇಸಿಗೆಯ ಹೆದ್ದಾರಿಯಲ್ಲಿ ತಿಳಿಯುತ್ತದೆ.

ಮೂರು ವರ್ಗಗಳು: ಪಿ, ಎಲ್‌ಟಿ, ಎಸ್‌ಟಿ

ಬಹುತೇಕ ಎಸ್‌ಯುವಿಗಳಿಗೆ ಕಾರ್ಖಾನೆಯಿಂದ ಬರುವುದು ಪಿ ವರ್ಗದ ಅಥವಾ ಅದಕ್ಕೆ ಸಮನಾದ ಯುರೋಪಿಯನ್ ಮಾದರಿಯ ಟಯರುಗಳು. ಇವು ಮೃದುವಾಗಿ ಸಾಗುತ್ತವೆ, ಮಳೆಯಲ್ಲಿ ಒಳ್ಳೆಯ ಹಿಡಿತ ಕೊಡುತ್ತವೆ. ಹಗುರ ಹಾಗೂ ಮಧ್ಯಮ ತೂಕದ ಟ್ರೈಲರಿಗೆ, ಲೆಕ್ಕ ಸರಿಹೊಂದಿದರೆ, ಇವೇ ಸಾಕು. ಇದೇ ವರ್ಗದಲ್ಲಿ ಎಕ್ಸ್‌ಎಲ್ ಎಂಬ ಗುರುತಿನವು ಹೆಚ್ಚಿನ ಗಾಳಿ ಒತ್ತಡವನ್ನೂ ಹೆಚ್ಚಿನ ಭಾರವನ್ನೂ ತಾಳುತ್ತವೆ.

ಎಲ್‌ಟಿ ಎಂಬುದು ಲಘು ಟ್ರಕ್‌ಗಳ ವರ್ಗ. ಪದರಗಳು ಗಟ್ಟಿ, ಪಕ್ಕೆ ಬಿಗಿ, ಒತ್ತಡ ಹೆಚ್ಚು. ಭಾರದ ಶ್ರೇಣಿ ಸಿ, ಡಿ, ಇ ಎಂದು ಏರುತ್ತದೆ. ಇವು ಹಿಂದಿನ ಕಾಲದ ಲೆಕ್ಕದಲ್ಲಿ ಕ್ರಮವಾಗಿ 6, 8, 10 ಪ್ಲೈಗಳಿಗೆ ಸಮಾನ. ಭಾರಿ ಟ್ರೈಲರನ್ನು ಪದೇ ಪದೇ ಎಳೆಯುವವರಿಗೆ ಎಲ್‌ಟಿ ಟಯರಿನಿಂದ ಸ್ಥಿರತೆ ಹೆಚ್ಚುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಒಂದೇ ಅಳತೆಯ ಪಿ ಟಯರು 35 ಪಿಎಸ್‌ಐ ಒತ್ತಡದಲ್ಲಿ ಹೊರುವ ಭಾರವನ್ನು ಎಲ್‌ಟಿ ಟಯರು ಅದೇ ಒತ್ತಡದಲ್ಲಿ ಹೊರಲಾರದು. ಅದಕ್ಕೆ ಹೆಚ್ಚು ಗಾಳಿ ಬೇಕು. ಬಾಗಿಲ ಪಟ್ಟಿಯ ಹಳೆಯ ಅಂಕಿಯನ್ನೇ ಅನುಸರಿಸಿ ಎಲ್‌ಟಿ ಟಯರಿಗೆ ಗಾಳಿ ತುಂಬಿದರೆ ಗಟ್ಟಿ ಟಯರು ಕೊಂಡೂ ದುರ್ಬಲವಾದದ್ದನ್ನೇ ಓಡಿಸಿದಂತಾಗುತ್ತದೆ. ಟಯರು ತಯಾರಕರ ಭಾರ–ಒತ್ತಡ ಕೋಷ್ಟಕವನ್ನು ನೋಡಿಯೇ ಅಂಕಿಯನ್ನು ನಿರ್ಧರಿಸಬೇಕು. ಕಾರ್ಖಾನೆಯಿಂದ ಎಲ್‌ಟಿ ಬಂದಿರುವ ವಾಹನಕ್ಕೆ ಪಿ ವರ್ಗದವನ್ನು ಹಾಕುವುದು ಸಲ್ಲ.

ಎಸ್‌ಟಿ ಎಂಬುದು ಟ್ರೈಲರಿಗೆಂದೇ ಮೀಸಲಾದ ವರ್ಗ. ಎಂಜಿನ್ನಿನ ಸೆಳೆತವನ್ನಾಗಲಿ ಸ್ಟಿಯರಿಂಗನ್ನಾಗಲಿ ನಿಭಾಯಿಸುವ ಹೊಣೆ ಇವಕ್ಕಿಲ್ಲ. ಭಾರ ಹೊರುವುದು, ಪಕ್ಕಕ್ಕೆ ಬಾಗದೆ ಹಿಂಬಾಲಿಸುವುದು ಇವುಗಳ ಕೆಲಸ. ಆದ್ದರಿಂದ ಪಕ್ಕೆ ಗಡುಸು. ಇವನ್ನು ಎಳೆಯುವ ವಾಹನಕ್ಕೆ ಎಂದೂ ಹಾಕಬಾರದು. ಬೇರೆ ಗುರುತು ಇಲ್ಲದ ಎಸ್‌ಟಿ ಟಯರುಗಳಿಗೆ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಮೀ ವೇಗದ ಮಿತಿ ಎಂಬುದು ಹಳೆಯ ರೂಢಿ. ಈಗ ಅನೇಕ ಟಯರುಗಳ ಮೇಲೆ ಎಲ್, ಎಂ, ಎನ್ ಮುಂತಾದ ಸಂಕೇತಗಳಿರುತ್ತವೆ. ಸಂಕೇತ ಏನೇ ಇದ್ದರೂ ಅದು ಟಯರಿನ ಮಿತಿಯೇ ಹೊರತು ಟ್ರೈಲರಿನ ಸ್ಥಿರತೆಯ ಖಾತರಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ವಾಹನಗಳಿಗೆ ಗಂಟೆಗೆ 55 ಮೈಲಿ ಮಿತಿ ಇದೆ. ಜರ್ಮನಿಯಲ್ಲಿ ಸಾಮಾನ್ಯ ಮಿತಿ 80 ಕಿಮೀ. ಅಲ್ಲಿನ ಆಟೊಬಾನ್‌ನಲ್ಲಿ 100 ಕಿಮೀ ವೇಗಕ್ಕೆ ಅನುಮತಿ ಬೇಕಾದರೆ ಇರುವ ಷರತ್ತುಗಳಲ್ಲಿ ಟ್ರೈಲರಿನ ಟಯರುಗಳು ಆರು ವರ್ಷ ಮೀರಿರಬಾರದು, ಕನಿಷ್ಠ ಎಲ್ ಸಂಕೇತದವಾಗಿರಬೇಕು ಎಂಬುವೂ ಸೇರಿವೆ.

ಟ್ರೈಲರಿನ ಟಯರಿಗೆ ಲೆಕ್ಕ

ಅದೇ 2,000 ಕೆಜಿಯ ಟ್ರೈಲರಿನಲ್ಲಿ 240 ಕೆಜಿ ಕೊಂಡಿಗೆ ಹೋದರೆ ಉಳಿದ 1,760 ಕೆಜಿ ಅದರ ಸ್ವಂತ ಚಕ್ರಗಳ ಮೇಲಿರುತ್ತದೆ. ಒಂದೇ ಆಕ್ಸಲ್ ಆದರೆ ಟಯರಿಗೆ 880 ಕೆಜಿ. ಎಸ್‌ಟಿ205/75ಆರ್15 ಅಳತೆಯ ಸಿ ಶ್ರೇಣಿಯ ಟಯರು 50 ಪಿಎಸ್‌ಐ ಒತ್ತಡದಲ್ಲಿ ಹೊರುವುದು 825 ಕೆಜಿ, ಸಾಲದು. ಡಿ ಶ್ರೇಣಿಯದು 65 ಪಿಎಸ್‌ಐನಲ್ಲಿ 975 ಕೆಜಿ ಹೊರುತ್ತದೆ, ಸಾಕಾದರೂ ಮಿಗತೆ ಕಡಿಮೆ. ಎಸ್‌ಟಿ225/75ಆರ್15 ಡಿ ಶ್ರೇಣಿಯದು 1,150 ಕೆಜಿ ಹೊರುವುದರಿಂದ 270 ಕೆಜಿ ಮಿಗತೆ ಸಿಗುತ್ತದೆ. ಹೊರೆಗಿಂತ ಕನಿಷ್ಠ ಶೇ 20ರಷ್ಟು ಹೆಚ್ಚಿನ ಸಾಮರ್ಥ್ಯವಿರುವ ಟಯರನ್ನು ಆರಿಸುವುದು ಜಾಣತನ. ಟ್ರೈಲರಿನಲ್ಲಿ ಎಡ ಬಲ ಎರಡೂ ಬದಿಗೆ ಸಮ ತೂಕ ಇರುವುದು ಅಪರೂಪ. ನೀರಿನ ತೊಟ್ಟಿ, ಶೈತ್ಯಪೆಟ್ಟಿಗೆ, ಒಲೆ ಎಲ್ಲ ಒಂದೇ ಬದಿಗಿದ್ದರೆ ಆ ಬದಿಯ ಟಯರಿಗೆ ಹೊರೆ ಹೆಚ್ಚು.

ಎರಡು ಆಕ್ಸಲಿನ ಟ್ರೈಲರಿನಲ್ಲಿ ತಲಾ 440 ಕೆಜಿ ಮಾತ್ರ ಬೀಳುವುದರಿಂದ ಸಿ ಶ್ರೇಣಿ ಧಾರಾಳ ಎನಿಸುತ್ತದೆ. ಆದರೆ ಒಂದು ಟಯರು ಒಡೆದಾಗ ಅದೇ ಬದಿಯ ಇನ್ನೊಂದರ ಮೇಲೆ ಹೆಚ್ಚು ಕಡಿಮೆ 880 ಕೆಜಿ ಬಂದು ಕೂರುತ್ತದೆ. ಹಾಗೆ ಅತಿಭಾರ ಹೊತ್ತು ಓಡಿದ ಟಯರು ಹೊರಗೆ ಏನೂ ಆಗದಂತೆ ಕಂಡರೂ ಒಳಗೆ ಹಾಳಾಗಿರಬಹುದು. ಒಂದನ್ನು ಬದಲಾಯಿಸುವಾಗ ಅದರ ಜತೆಯದನ್ನೂ ಕಳಚಿ ಒಳಭಾಗವನ್ನು ಪರೀಕ್ಷಿಸುವುದು ಅವಶ್ಯ. ಅಲ್ಲದೆ ಟ್ರೈಲರ್ ಮೂತಿ ಎತ್ತಿ ಅಥವಾ ತಗ್ಗಿಸಿ ನಿಂತರೆ ಎರಡು ಆಕ್ಸಲಿಗೆ ಭಾರ ಸಮನಾಗಿ ಹಂಚುವುದಿಲ್ಲ. ಕೊಂಡಿಯ ಎತ್ತರವನ್ನು ಹೊಂದಿಸಿ ಟ್ರೈಲರನ್ನು ಮಟ್ಟವಾಗಿ ನಿಲ್ಲಿಸಬೇಕು.

ರೇಡಿಯಲ್ ಟಯರುಗಳು ಕಡಿಮೆ ಬಿಸಿಯಾಗುತ್ತವೆ, ಹೆದ್ದಾರಿಯಲ್ಲಿ ಹೆಚ್ಚು ಕಾಲ ಬಾಳುತ್ತವೆ. ಬಯಾಸ್ ಪ್ಲೈ ಟಯರುಗಳ ಪಕ್ಕೆ ಗಡುಸಾದರೂ ಅವು ದೂರದ ವೇಗದ ಪಯಣಕ್ಕಿಂತ ಹತ್ತಿರದ ಕೆಲಸಕ್ಕೆ ತಕ್ಕವು. ಎರಡನ್ನೂ ಒಂದೇ ಆಕ್ಸಲಿಗೆ ಬೆರೆಸಲೇಬಾರದು.

ದೊಡ್ಡ ಚಕ್ರ ಒಳ್ಳೆಯದೇ?

ಎಸ್‌ಯುವಿ ಕೊಂಡವರಿಗೆ ಮೊದಲು ತಗಲುವ ಮೋಹ ದೊಡ್ಡ ಅಲಾಯ್ ಚಕ್ರದ್ದು. ಪಕ್ಕೆ ಗಿಡ್ಡಗಾದಷ್ಟೂ ಟಯರು ಅಡ್ಡಕ್ಕೆ ಬಾಗುವುದು ಕಡಿಮೆ ಎಂಬುದು ನಿಜ. ಆದರೆ ಭಾರವನ್ನು ಹೊರುವುದು ರಬ್ಬರಲ್ಲ, ಅದರೊಳಗಿನ ಗಾಳಿ. ಒಟ್ಟು ವ್ಯಾಸ ಹಾಗೆಯೇ ಉಳಿದು ರಿಮ್ ದೊಡ್ಡದಾದರೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಎಷ್ಟೋ ಸಲ ಭಾರದ ಸೂಚ್ಯಂಕವೂ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ರಿಮ್ ಬಾಗುವ, ಟಯರು ಸೀಳುವ ಸಂಭವ ಹೆಚ್ಚುತ್ತದೆ. ಟ್ರೈಲರ್ ಎಳೆಯುವ ವಾಹನಕ್ಕೆ ಅದೇ ಮಾದರಿಗೆ ಕಾರ್ಖಾನೆ ಒದಗಿಸುವ ಸಣ್ಣ ಅಥವಾ ಮಧ್ಯಮ ರಿಮ್, ಸಾಕಷ್ಟು ಸೂಚ್ಯಂಕದ ಟಯರು ಲೇಸು.

ಟಯರಿನ ಒಟ್ಟು ವ್ಯಾಸವನ್ನೇ ಹೆಚ್ಚಿಸುವುದೂ ದುಬಾರಿಯೇ. 245/70ಆರ್17 ಟಯರಿನ ವ್ಯಾಸ ಸುಮಾರು 775 ಮಿಮೀ. 265/70ಆರ್17ರದು ಸುಮಾರು 803 ಮಿಮೀ. ವ್ಯತ್ಯಾಸ ಶೇ 3.6. ಇದರಿಂದ ಗೇರಿನ ಎಳೆತ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ, ಬ್ರೇಕ್ ಹೆಚ್ಚು ಶ್ರಮಿಸಬೇಕಾಗುತ್ತದೆ. ಮೊದಲು ಸರಿಯಾಗಿದ್ದ ಸ್ಪೀಡೊಮೀಟರ್ 100 ತೋರಿಸುವಾಗ ನಿಜವಾದ ವೇಗ ಸುಮಾರು 103.6 ಕಿಮೀ ಆಗಿರುತ್ತದೆ. ವಾಹನ ಎತ್ತರವಾಗುವುದರಿಂದ ಗುರುತ್ವ ಕೇಂದ್ರವೂ ಕೊಂಡಿಯೂ ಮೇಲೇರುತ್ತವೆ.

ಟ್ರೆಡ್ಡಿನ ವಿನ್ಯಾಸವೂ ಗಣನೆಗೆ ಬರುತ್ತದೆ. ಕೆಸರಿಗೆಂದು ಮಾಡಿದ ಟಯರಿನ ಎತ್ತರದ ದಪ್ಪ ಹಲ್ಲುಗಳು ಅಡ್ಡಬಲಕ್ಕೆ ಅತ್ತಿತ್ತ ಮಣಿಯುತ್ತವೆ. ಡಾಂಬರು ರಸ್ತೆಯಲ್ಲಿಯೇ ಟ್ರೈಲರ್ ಎಳೆಯುವವರಿಗೆ ಎಚ್‌ಟಿ ಎಂಬ ಹೆದ್ದಾರಿ ಮಾದರಿಯೇ ಸೂಕ್ತ. ಕಚ್ಚಾ ರಸ್ತೆಯ ಬಳಕೆ ಇದ್ದರೆ ಎಟಿ ಮಾದರಿಯಲ್ಲಿ ಮಿತವಾದ ಹಲ್ಲಿನದನ್ನು ಆರಿಸಬಹುದು.

ರಿಮ್ ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ ಮತ್ತು ಅವುಗಳ ವೃತ್ತದ ವ್ಯಾಸ, ನಡುವಿನ ರಂಧ್ರ, ಆಫ್‌ಸೆಟ್, ಭಾರ ತಾಳುವ ಶಕ್ತಿ, ತಾಳುವ ಗರಿಷ್ಠ ಒತ್ತಡ, ಈ ಐದನ್ನೂ ನೋಡಬೇಕು. 5 ಬೋಲ್ಟಿನ 114.3 ಮಿಮೀ ವೃತ್ತ ಮತ್ತು 115 ಮಿಮೀ ವೃತ್ತ ಕಣ್ಣಿಗೆ ಒಂದೇ. ಬಲವಂತವಾಗಿ ಕೂರಿಸಿದರೆ ಕೂತಂತೆಯೂ ಕಾಣುತ್ತದೆ. ನಟ್ಟುಗಳು ಸಡಿಲಗೊಳ್ಳುವುದು ಅನಂತರ. ಆಫ್‌ಸೆಟ್ ಬದಲಾಯಿಸಿ ಚಕ್ರವನ್ನು ಹೊರಕ್ಕೆ ತಂದರೆ ಗಾಡಿ ಅಗಲವಾಗಿ ನಿಂತಂತೆ ತೋರಿದರೂ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಸ್ಟಿಯರಿಂಗಿನ ಗುಣ ಬದಲಾಗುತ್ತದೆ. ಕಾರಿನ ಹಳೆಯ ರಿಮ್ಮನ್ನು ಟ್ರೈಲರಿಗೆ ಹಾಕುವುದೂ ಇದೇ ಕಾರಣಕ್ಕೆ ಅಪಾಯ. ಟ್ರೈಲರಿನ ಹಬ್ ಸಾಮಾನ್ಯವಾಗಿ ಸೊನ್ನೆ ಆಫ್‌ಸೆಟ್ಟಿನ ಚಕ್ರಕ್ಕೆಂದು ರೂಪಿತವಾಗಿರುತ್ತದೆ. 80 ಪಿಎಸ್‌ಐ ಬೇಡುವ ಇ ಶ್ರೇಣಿಯ ಟಯರಿಗೆ ರಿಮ್ ಮಾತ್ರವಲ್ಲ, ವಾಲ್ವ್ ಕೂಡ ಆ ಒತ್ತಡದ್ದೇ ಆಗಿರಬೇಕು. ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. ಹೊಸ ಚಕ್ರ ಹಾಕಿದ ಮೇಲೆ 80ರಿಂದ 160 ಕಿಮೀ ಓಡಿದ ನಂತರ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಮಾಡಬೇಕು.

ಗಾಳಿಯೇ ಪ್ರಧಾನ

ಎಷ್ಟೇ ಬೆಲೆಯ ಟಯರಾದರೂ ಗಾಳಿ ಕಡಿಮೆಯಿದ್ದರೆ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಬಾಗಿದಷ್ಟೂ ಬಿಸಿಯಾಗುತ್ತದೆ. ಬಿಸಿಗೆ ಒಳಗಿನ ಉಕ್ಕಿನ ಪಟ್ಟಿಗಳಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲಗೊಂಡು ಟ್ರೆಡ್ ಕಳಚಿಹೋಗುತ್ತದೆ. ಎಳೆಯುವ ವಾಹನಕ್ಕೆ ಬಾಗಿಲ ಪಟ್ಟಿಯ ಅಂಕಿ, ಅಥವಾ ಟ್ರೈಲರ್ ಎಳೆಯುವಾಗ ಇಷ್ಟಿರಬೇಕೆಂದು ಕೈಪಿಡಿ ಪ್ರತ್ಯೇಕವಾಗಿ ಹೇಳಿದ್ದರೆ ಆ ಅಂಕಿಯೇ ಆಧಾರ. ಹಿಂದಿನ ಟಯರುಗಳಿಗೆ ಹೆಚ್ಚು ಒತ್ತಡ ಸೂಚಿಸುವ ಕೈಪಿಡಿಗಳುಂಟು. ಮೆತ್ತಗೆ ಸಾಗಲೆಂದು ಹಿಂದಿನ ಗಾಳಿಯನ್ನು ಇಳಿಸುವುದು ಸ್ಥಿರತೆಗೆ ನೇರ ಕೊಡಲಿಪೆಟ್ಟು. ಟ್ರೈಲರಿಗೆ ಅದರ ಮೇಲಿನ ಪಟ್ಟಿಯ ಅಂಕಿಯನ್ನು ಅನುಸರಿಸಬೇಕು. ಎಸ್‌ಟಿ ಟಯರುಗಳ ಮಟ್ಟಿಗೆ ಅದು ಬಹಳಷ್ಟು ಸಲ ಪಕ್ಕೆಯ ಮೇಲಿನ ಗರಿಷ್ಠ ಒತ್ತಡವೇ ಆಗಿರುತ್ತದೆ.

ಒತ್ತಡ ನೋಡಬೇಕಾದದ್ದು ಟಯರು ತಣ್ಣಗಿರುವಾಗ, ಅಂದರೆ ವಾಹನ ಕನಿಷ್ಠ ಮೂರು ಗಂಟೆ ನಿಂತ ಬಳಿಕ. ಉಷ್ಣತೆ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಹೆಚ್ಚು ಕಡಿಮೆ 1 ಪಿಎಸ್‌ಐ ಏರುತ್ತದೆ. ದಾರಿಯಲ್ಲಿ ಬಿಸಿಯಾದ ಟಯರಿನ ಒತ್ತಡ ಏರಿತೆಂದು ಗಾಳಿ ಬಿಡುವುದು ತಪ್ಪು. ತಣಿದಾಗ ಅದು ಬೇಕಾದುದಕ್ಕಿಂತ ಕೆಳಗಿರುತ್ತದೆ.

2000ದ ಪಾಠ

ಗಾಳಿ, ಭಾರ, ವೇಗ, ಬಿಸಿ ಇವುಗಳ ನಂಟು ಎಷ್ಟು ಗಂಭೀರ ಎಂಬುದನ್ನು ಅಮೆರಿಕ ಕಂಡದ್ದು 2000ದಲ್ಲಿ. ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಗಳಲ್ಲಿ ಬಳಕೆಯಾಗುತ್ತಿದ್ದ ಫೈರ್‌ಸ್ಟೋನ್ ಟಯರುಗಳ ಟ್ರೆಡ್ ಕಳಚಿ ವಾಹನಗಳು ಉರುಳಿದ ಪ್ರಕರಣಗಳು ಬೆಳಕಿಗೆ ಬಂದವು. ಆ ವರ್ಷದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಯಲಾಯಿತು. 2001ರ ಮೇ ತಿಂಗಳಲ್ಲಿ ಫೋರ್ಡ್ ಕಂಪನಿ ಇನ್ನೂ 1.3 ಕೋಟಿ ಟಯರುಗಳನ್ನು ಬದಲಾಯಿಸುವುದಾಗಿ ಪ್ರಕಟಿಸಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ ಈ ಟಯರುಗಳೊಂದಿಗೆ ತಳಕು ಹಾಕಿದ ಸಾವುಗಳ ಸಂಖ್ಯೆ 271. ವಾಹನ ತಯಾರಕರು 26 ಪಿಎಸ್‌ಐ ಒತ್ತಡವನ್ನು ಶಿಫಾರಸು ಮಾಡಿದ್ದರೆ, ಟಯರು ತಯಾರಕರು 30 ಇರಬೇಕಿತ್ತೆಂದು ವಾದಿಸಿದರು. ತನಿಖೆ ಟಯರಿನ ರಚನೆಯಲ್ಲೇ ದೋಷವನ್ನು ಗುರುತಿಸಿತು. ಅದು ಟ್ರೈಲರಿಗೆ ಸೀಮಿತವಾದ ದುರಂತವಲ್ಲ. ಆದರೂ ಎತ್ತರದ ವಾಹನದ ಹಿಂದಿನ ಟಯರು ಹೆದ್ದಾರಿಯ ವೇಗದಲ್ಲಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಇದರ ಫಲವಾಗಿ 2000ದ ನವೆಂಬರ್‌ನಲ್ಲಿ ಟ್ರೆಡ್ ಕಾಯಿದೆ ಜಾರಿಗೆ ಬಂದಿತು. ಟಯರಿನ ಒತ್ತಡ ಕುಸಿದರೆ ಎಚ್ಚರಿಸುವ ವ್ಯವಸ್ಥೆ 2008ರ ಮಾದರಿಗಳಿಂದ ಅಮೆರಿಕದ ಎಲ್ಲ ಲಘು ವಾಹನಗಳಿಗೂ, ವಾಹನದ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ 2012ರ ಮಾದರಿಗಳಿಂದ ಕಡ್ಡಾಯವಾದವು. ಆದರೆ ಒತ್ತಡ ಎಚ್ಚರಿಕೆಯ ಈ ಕಡ್ಡಾಯ ಟ್ರೈಲರಿನ ಟಯರುಗಳಿಗೆ ಅನ್ವಯಿಸುವುದಿಲ್ಲ. ಅವಕ್ಕೆ ಪ್ರತ್ಯೇಕ ಸಂವೇದಕಗಳನ್ನು ಕೊಂಡು ಅಳವಡಿಸಿಕೊಳ್ಳಬಹುದು.

ಸವೆಯದ ಟಯರಿನ ವಯಸ್ಸು

ಟ್ರೈಲರ್ ವರ್ಷದ ಬಹುಪಾಲು ದಿನ ಬಿಸಿಲಿನಲ್ಲಿ ನಿಂತಿರುತ್ತದೆ. ಟ್ರೆಡ್ ಸವೆಯುವ ಮೊದಲೇ ರಬ್ಬರ್ ಮುಪ್ಪಾಗಿರುತ್ತದೆ. ನೋಡಲು ಹೊಸದರಂತಿರುವ ಟಯರು ಬಿರುಸಿನ ಮೊದಲ ಪಯಣದಲ್ಲೇ ಸಿಡಿಯಲು ಇದೇ ಕಾರಣ. ಅಮೆರಿಕದ ಟಯರುಗಳ ಪಕ್ಕೆಯಲ್ಲಿ ಡಿಒಟಿ ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 3523 ಎಂದರೆ 2023ರ 35ನೇ ವಾರ. ಟ್ರೈಲರಿನ ಟಯರುಗಳನ್ನು ಆರು ವರ್ಷದೊಳಗೆ ಬದಲಾಯಿಸುವುದು ಕ್ಷೇಮ. ಎಸ್‌ಯುವಿಯ ಟಯರುಗಳಿಗೂ ಆರು ವರ್ಷದ ಮಿತಿ ಹೇಳುವ ವಾಹನ ತಯಾರಕರಿದ್ದಾರೆ. ಸ್ಟೆಪ್ನಿಯ ವಯಸ್ಸನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ವಾಹನದ ಸ್ಟೆಪ್ನಿ ಟ್ರೈಲರಿಗೆ ಹೊಂದುವುದಿಲ್ಲವಾದ್ದರಿಂದ ಎರಡಕ್ಕೂ ಬೇರೆ ಬೇರೆ ಸ್ಟೆಪ್ನಿ ಬೇಕು.

ಭಾರತದಲ್ಲಿ ಗಮನಿಸಬೇಕಾದದ್ದು

ಕರ್ನಾಟಕದ ರಸ್ತೆಗಳಲ್ಲಿ ಟ್ರೈಲರ್ ಎಂದರೆ ನೆನಪಾಗುವುದು ಕಬ್ಬು ಹೇರಿದ ಟ್ರ್ಯಾಕ್ಟರಿನದು. ಕಾರು, ಎಸ್‌ಯುವಿಗಳ ಹಿಂದೆ ಟ್ರೈಲರ್ ಇನ್ನೂ ಅಪರೂಪ. ಅಂಥದನ್ನು ಯೋಚಿಸುವವರು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ ಎಂಬುದನ್ನು ಮರೆಯಬಾರದು. ವಿದೇಶದಲ್ಲಿ ಅದೇ ಹೆಸರಿನಿಂದ ಮಾರಾಟವಾಗುವ ಎಸ್‌ಯುವಿಗೆ ಹೇಳಿದ ಎಳೆತದ ಅಂಕಿ ಇಲ್ಲಿನದಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಎಂಜಿನ್, ತಂಪು ವ್ಯವಸ್ಥೆ, ಟಯರು ಎಲ್ಲ ಬೇರೆಯಾಗಿರಬಹುದು. ಇಲ್ಲಿನ ಕೈಪಿಡಿಯೇ ಪ್ರಮಾಣ. ಟಯರಿನ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಿ ಕೊಳ್ಳಬೇಕು.

ಓಲಾಟ ಶುರುವಾದರೆ

ಎಲ್ಲ ಎಚ್ಚರಿಕೆಯ ನಡುವೆಯೂ ಟ್ರೈಲರ್ ಓಲಾಡತೊಡಗಿದರೆ ಗಾಬರಿಯಿಂದ ಬ್ರೇಕ್ ತುಳಿಯಬಾರದು, ಓಲಾಟಕ್ಕೆ ತಕ್ಕಂತೆ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಬಾರದು, ವೇಗ ಹೆಚ್ಚಿಸಿ ನೇರಗೊಳಿಸುವ ಸಾಹಸವನ್ನೂ ಮಾಡಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಸೌಲಭ್ಯವಿದ್ದರೆ ಅದನ್ನು ಮೆಲ್ಲಗೆ ಬಳಸಬೇಕು. ವಾಹನ ಹಿಡಿತಕ್ಕೆ ಬಂದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹೊರೆ ಹಿಂದಕ್ಕೆ ಸರಿದಿದೆಯೇ, ಯಾವುದಾದರೂ ಟಯರು ಮೆತ್ತಗಾಗಿದೆಯೇ ಎಂದು ನೋಡದೆ ಮುಂದುವರಿಯಬಾರದು.

ಹೊರಡುವ ಮುನ್ನ

* ಎಸ್‌ಯುವಿ, ಟ್ರೈಲರ್ ಎರಡನ್ನೂ ಪೂರ್ತಿ ಹೊರೆಯೊಂದಿಗೆ ವೇಬ್ರಿಜ್‌ನಲ್ಲಿ ತೂಗಿಸಿ, ಪ್ರತಿ ಆಕ್ಸಲಿನ ಭಾರವನ್ನು ಬರೆದಿಟ್ಟುಕೊಳ್ಳಬೇಕು. ಅಮೆರಿಕದ ಟ್ರಕ್ ನಿಲ್ದಾಣಗಳಲ್ಲಿ ಈ ಸೌಲಭ್ಯ ಸುಲಭವಾಗಿ ದೊರೆಯುತ್ತದೆ.
* ಆ ಭಾರವನ್ನು ಟಯರಿನ ಸೂಚ್ಯಂಕ, ರಿಮ್ಮಿನ ಸಾಮರ್ಥ್ಯ, ಆಕ್ಸಲಿನ ಮಿತಿ ಮೂರರೊಂದಿಗೂ ಹೋಲಿಸಬೇಕು. ಮೂರರಲ್ಲಿ ಕಡಿಮೆಯದೇ ನಿಜವಾದ ಮಿತಿ.
* ಸ್ಟೆಪ್ನಿಗಳೂ ಸೇರಿದಂತೆ ಎಲ್ಲ ಟಯರುಗಳ ಗಾಳಿಯನ್ನು ತಣ್ಣಗಿರುವಾಗ ನೋಡಬೇಕು.
* ಪಕ್ಕೆಯಲ್ಲಿ ಬಿರುಕು, ಉಬ್ಬು ಇದೆಯೇ, ಟ್ರೆಡ್ ಒಂದೇ ಅಂಚಿನಲ್ಲಿ ಸವೆದಿದೆಯೇ ಎಂದು ಪರೀಕ್ಷಿಸಬೇಕು. ಟ್ರೆಡ್ 1.6 ಮಿಮೀ ಸೂಚಕದ ಮಟ್ಟಕ್ಕೆ ಬರುವವರೆಗೂ ಕಾಯುವುದು ಟ್ರೈಲರ್ ಎಳೆಯುವವರಿಗೆ ತಕ್ಕುದಲ್ಲ.
* ಪ್ರತಿ ನಿಲುಗಡೆಯಲ್ಲೂ ಟಯರು ಮತ್ತು ಹಬ್ಬಿನ ಬಳಿ ಕೈ ಹಿಡಿದು ನೋಡಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಸೋರಿಕೆ, ಬೇರಿಂಗ್ ಅಥವಾ ಬ್ರೇಕಿನ ದೋಷವಿರುತ್ತದೆ. ಅದನ್ನು ಸರಿಪಡಿಸದೆ ಪಯಣ ಮುಂದುವರಿಸಬಾರದು.